ಹಂದಿ ಹಿಡಿಸಿದರೆ ಮಿದುಳು ಜ್ವರ ಹೋಗುತ್ತದೆಯೇ? ಸಹಿ ಹಾಕುವ ಮೊದಲು ಒಂದು ಪ್ರಶ್ನೆ

ಕಾಲುವೆ ಬದಿಯವನು (ಶಹಾಪುರ ತಾಲ್ಲೂಕು)

ನಮ್ಮೂರಿನಲ್ಲಿ ಒಂದು ಮನವಿ ಪತ್ರ ಮನೆಮನೆ ತಿರುಗುತ್ತಿದೆ. ಹೋದ ತಿಂಗಳು ಊರಿನ ಒಂದು ಮಗುವಿಗೆ ಜ್ವರ ಏರಿ, ಫಿಟ್ಸ್ ಬಂದು, ಪ್ರಜ್ಞೆ ತಪ್ಪಿತು. ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಜಪಾನಿ ಮಿದುಳು ಜ್ವರ ಎಂದರು. ಮಗು ಮನೆಗೆ ಬಂದಿದೆ, ಆದರೆ ಎಡಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಮನವಿಯಲ್ಲಿ ಇರುವುದು ಒಂದೇ ಬೇಡಿಕೆ: ಊರಲ್ಲಿ ಅಡ್ಡಾಡುವ ಹಂದಿಗಳನ್ನೆಲ್ಲ ಹಿಡಿಸಿ ಲಾರಿಯಲ್ಲಿ ಸಾಗಿಸಬೇಕು. ಬಹಳ ಜನರ ಸಹಿ ಬಿದ್ದಿದೆ. ನಾನು ಎರಡು ಸಲ ಪೆನ್ನು ಹಿಡಿದು ಕೆಳಗಿಟ್ಟಿದ್ದೇನೆ. ನನ್ನದು ಭತ್ತದ ಗದ್ದೆ, ಮನೆ ಕಾಲುವೆಯ ಪಕ್ಕದಲ್ಲೇ ಇದೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಹಂದಿ ಹೋದರೆ ರೋಗವೂ ಹೋಗುತ್ತದೆಯೇ? ತಿಳಿದವರು ಹೇಳಿ. ಸುಮ್ಮನೆ ಬೈಯುವವರು ಬೇಡ, ಅವರು ಊರಲ್ಲೇ ಸಾಕಷ್ಟಿದ್ದಾರೆ.

ಹಳೇಕೋಟೆ (ಬೀದರ್)

ಇದರಲ್ಲಿ ಕೇಳುವುದೇನಿದೆ? ಹಾಕಿ ಸಹಿ. ಈ ವೈರಸ್ ಹಂದಿಯ ಮೈಯಲ್ಲಿ ಬೆಳೆಯುತ್ತದೆ ಎಂದು ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಹಂದಿಯನ್ನು ಕಚ್ಚಿದ ಸೊಳ್ಳೆ ಮಗುವನ್ನು ಕಚ್ಚುತ್ತದೆ, ಮಗು ಮಲಗುತ್ತದೆ. ನಡುವಿನ ಕೊಂಡಿ ಕಿತ್ತು ಹಾಕಿ. ಸಿಂಗಪುರದಲ್ಲಿ 1990ರ ದಶಕದ ಆರಂಭದ ಹೊತ್ತಿಗೆ ಹಂದಿ ಸಾಕಣೆಯನ್ನೇ ನಿಲ್ಲಿಸಿಬಿಟ್ಟರು. ಈಗ ಅಲ್ಲಿ ಈ ಜ್ವರ ಅಪರೂಪ. ನಮ್ಮಲ್ಲಿ ಮಾತ್ರ ಚರಂಡಿಯೊಳಗೆ ಹಂದಿ, ಚರಂಡಿಯ ಮೇಲೆ ಭಜಿ ಬಂಡಿ. ಅದನ್ನು ನೋಡಿಕೊಂಡು ನಾವು ಚರ್ಚೆ ಮಾಡುತ್ತಾ ಕೂರುತ್ತೇವೆ.

ಸೂಕ್ಷ್ಮದರ್ಶಕ (ಕಲಬುರಗಿ)

ಹಳೇಕೋಟೆಯವರೇ, ಕೊಂಡಿ ಒಂದೇ ಇದ್ದಿದ್ದರೆ ನಾನೂ ನಿಮ್ಮ ಜೊತೆ ಎಳೆಯುತ್ತಿದ್ದೆ. ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಪಾಠ ಮಾಡುವವಳು, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಬೇಡ.

ಈ ವೈರಸ್ಸಿನ ತವರು ಹಂದಿಯಲ್ಲ, ನೀರಹಕ್ಕಿ. ಬೆಳ್ಳಕ್ಕಿ, ಬಕಗಳ ಮೈಯಲ್ಲಿ ಅದು ಇರುತ್ತದೆ, ಅವುಗಳಿಗೆ ಏನೂ ಆಗುವುದಿಲ್ಲ. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಅದನ್ನು ಹಕ್ಕಿಯಿಂದ ಹಂದಿಗೆ ತಲುಪಿಸುತ್ತದೆ. ಹಂದಿಯ ರಕ್ತದಲ್ಲಿ ಅದು ಕೆಲವೇ ದಿನ ವಿಪರೀತ ಹೆಚ್ಚುತ್ತದೆ, ಆ ದಿನಗಳಲ್ಲಿ ಕಚ್ಚಿದ ಸೊಳ್ಳೆಗಳೆಲ್ಲ ವೈರಸ್ ಹೊತ್ತು ಹೋಗುತ್ತವೆ. ಹಕ್ಕಿ ತಂದದ್ದು ಅಸಲು, ಹಂದಿಯಲ್ಲಿ ಬೆಳೆಯುವುದು ಬಡ್ಡಿ. ಒಮ್ಮೆ ಸೋಂಕು ತಗುಲಿ ಹೋದ ದೊಡ್ಡ ಹಂದಿಗೆ ನಿರೋಧಕ ಶಕ್ತಿ ಬಂದುಬಿಡುತ್ತದೆ. ಅಪಾಯ ಇರುವುದು ಆಗತಾನೇ ಹಾಲು ಬಿಟ್ಟ ಮರಿಗಳಲ್ಲಿ. ಹಂದಿ ಬೇಗ ಬೇಗ, ಸೂಲಿಗೆ ಎಂಟು ಹತ್ತು ಮರಿ ಹಾಕುವ ಪ್ರಾಣಿಯಾದ್ದರಿಂದ ಪ್ರತಿ ಮಳೆಗಾಲಕ್ಕೂ ಹೊಸ ಮರಿಗಳ ದಂಡು ಸಿದ್ಧವಿರುತ್ತದೆ. ಮನುಷ್ಯನ ರಕ್ತದಲ್ಲಿ ಸೊಳ್ಳೆಗೆ ಮರಳಿ ಅಂಟುವಷ್ಟು ವೈರಸ್ ಇರುವುದಿಲ್ಲ. ಆದ್ದರಿಂದ ಆ ಮಗುವಿನ ಹತ್ತಿರ ಹೋಗಲು ಯಾರೂ ಹೆದರಬೇಕಾಗಿಲ್ಲ. ಇದನ್ನು ದಯವಿಟ್ಟು ಊರಲ್ಲಿ ಹೇಳಿ.

ಇನ್ನೊಂದು ಲೆಕ್ಕ. ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಮಿದುಳಿಗೆ ಏರುತ್ತದೆ. ಹಾಗಾಗಿ ಒಂದು ಮಗು ಮಲಗಿತು ಎಂದರೆ, ಹೆಸರಿಲ್ಲದ ಜ್ವರವಾಗಿಯೋ ಜ್ವರವೂ ಇಲ್ಲದೆಯೋ ನೂರಾರು ಜನರ ಮೈಯಲ್ಲಿ ಅದು ಹಾದುಹೋಗಿರಬಹುದು. ಲಾರಿ ಬರುವ ಹೊತ್ತಿಗೆ ವೈರಸ್ ಊರೆಲ್ಲ ತಿರುಗಿ ಆಗಿರುತ್ತದೆ.

ಸಿಂಗಪುರದ ಮಾತು: ಅಲ್ಲಿ ಭತ್ತದ ಗದ್ದೆ ಎಲ್ಲಿದೆ, ತೋರಿಸಿ.

ಹಳೇಕೋಟೆ (ಬೀದರ್)

ಬಡ್ಡಿ ನಿಲ್ಲಿಸಿ ಎಂದೇ ನಾನೂ ಹೇಳುತ್ತಿರುವುದು ಮೇಡಂ. ಅಸಲು ಹಕ್ಕಿಯ ಹತ್ತಿರವೇ ಇರಲಿ. ಹಕ್ಕಿಯನ್ನು ಲಾರಿಗೆ ಹತ್ತಿಸಲು ಬರುವುದಿಲ್ಲ, ಹಂದಿಯನ್ನು ಹತ್ತಿಸಬಹುದು. ಕೈಗೆ ಸಿಗುವುದನ್ನು ಮೊದಲು ಹಿಡಿಯುವುದು ತಪ್ಪೇ?

ಗಲ್ಲಿಯ ಹುಡುಗ (ಕಲಬುರಗಿ)

ತಪ್ಪೇ ಎಂದು ಕೇಳಿದಿರಿ, ಹೇಳುತ್ತೇನೆ. ನಮ್ಮದು ಹಂದಿ ಸಾಕುವ ಮನೆ. ನಾನು ಬಿ.ಎಸ್ಸಿ. ಮುಗಿಸಿದ್ದೇನೆ, ಅಪ್ಪ ಇನ್ನೂ ಸಾಕುತ್ತಾರೆ. ಕೆಲವು ವರ್ಷದ ಹಿಂದೆ ನಾವಿದ್ದ ಪಟ್ಟಣದಲ್ಲಿ ಇಂಥದ್ದೇ ಗಲಾಟೆ ಎದ್ದು ರಾತ್ರಿ ಹೊತ್ತಿನಲ್ಲಿ ಬಲೆಯವರು ಬಂದರು. ಬಲೆಗೆ ಬೀಳುವುದು ಯಾವುದು? ಮೈ ಭಾರವಾದ, ಓಡಲಾರದ ದೊಡ್ಡ ಹೆಣ್ಣು ಹಂದಿಗಳು. ಮರಿಗಳು ಮೋರಿಯ ಪೈಪಿನೊಳಗೆ ನುಗ್ಗಿ ಕೂತವು. ಮೇಡಂ ಹೇಳಿದ ಪ್ರಕಾರ ನೋಡಿದರೆ ರೋಗ ಹರಡದವು ಲಾರಿ ಹತ್ತಿದವು, ಹರಡುವವು ಊರಲ್ಲೇ ಉಳಿದವು. ಅಪ್ಪನಿಗೆ ಒಂದು ರೂಪಾಯಿ ಪರಿಹಾರ ಬರಲಿಲ್ಲ, ಒಂದು ಚೀಟಿಯೂ ಇಲ್ಲ. ಆ ಹಂದಿಗಳನ್ನು ಎಲ್ಲಿ ಬಿಟ್ಟರು ಎಂದು ಇವತ್ತಿಗೂ ಗೊತ್ತಿಲ್ಲ. ಇನ್ನೊಂದು ಊರಿನ ಅಂಚಿನಲ್ಲಿ ಬಿಟ್ಟಿರುತ್ತಾರೆ, ಅಲ್ಲಿಯ ಮಕ್ಕಳಿಗೆ ಸೊಳ್ಳೆ ಕಚ್ಚುವುದಿಲ್ಲವೇ? ವರ್ಷ ತುಂಬುವುದರೊಳಗೆ ಪಟ್ಟಣದಲ್ಲಿ ಮತ್ತೆ ಹಂದಿಗಳು ತುಂಬಿದವು, ಏಕೆಂದರೆ ಕಸದ ಗುಂಡಿ ಇದ್ದಲ್ಲೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಬರೆಯ ಗುರುತು ಇದೆ.

ಹಳೇಕೋಟೆ (ಬೀದರ್)

ತಮ್ಮಾ, ನಿನ್ನ ನೋವು ಅರ್ಥವಾಗುತ್ತದೆ, ಆದರೆ ನೋವು ಉತ್ತರವಲ್ಲ. ನಿಮ್ಮ ತಂದೆ ಕೊಟ್ಟಿಗೆ ಕಟ್ಟಿ ಸಾಕಲಿ, ಯಾರು ಬೇಡ ಎನ್ನುತ್ತಾರೆ? ಬೀದಿಗೆ ಬಿಟ್ಟು, ಊರಿನ ಹೊಲಸು ತಿನ್ನಿಸಿ, ಮಾರುವಾಗ ಮಾತ್ರ ನಮ್ಮದು ಎನ್ನುವುದು ಸಾಕಣೆಯಲ್ಲ.

ಗಲ್ಲಿಯ ಹುಡುಗ (ಕಲಬುರಗಿ)

ಕೊಟ್ಟಿಗೆ ಕಟ್ಟಲು ಜಾಗ ಯಾರು ಕೊಡುತ್ತಾರೆ ಕಾಕಾ? ಊರ ಹೊರಗೆ ಕೇಳಿದರೆ ಪಕ್ಕದ ಹೊಲದವರು ತಕರಾರು ಅರ್ಜಿ ಹಾಕುತ್ತಾರೆ, ಒಳಗೆ ಕೇಳಿದರೆ ನೀವು ಮನವಿ ಬರೆಯುತ್ತೀರಿ.

ನಿರ್ವಾಹಕ

ಒಂದು ಸಮುದಾಯದ ಹೆಸರು ಹಿಡಿದು ಬರೆದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಹಂದಿಯ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ, ಸಾಕಿದವರ ಜಾತಿಯ ಬಗ್ಗೆ ಬೇಡ.

ಕೊಟ್ಟಿಗೆ ಡಾಕ್ಟರ್ (ಹುಮನಾಬಾದ್)

ಪಶುವೈದ್ಯನಾಗಿ ನಾನು ಇಬ್ಬರ ಕಡೆಗೂ ಸ್ವಲ್ಪ ಸ್ವಲ್ಪ ವಾಲುತ್ತೇನೆ. ಪ್ರಾಣಿಗಳನ್ನು ತೆಗೆಯುವುದು ಯಾವಾಗಲೂ ತಪ್ಪು ಎಂದು ಯಾರೂ ತಿಳಿಯಬಾರದು. 2016ರ ಮೇ ತಿಂಗಳಿನಲ್ಲಿ ನಮ್ಮ ತಾಲ್ಲೂಕಿನ ಮೊಳಕೇರಾದ ಕೋಳಿ ಫಾರಂನಲ್ಲಿ ಹಕ್ಕಿ ಜ್ವರ ಬಂತು. ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಂದು ಹೂಳಬೇಕಾಯಿತು. ಮೈತುಂಬ ಬಿಳಿ ಕವಚ ಹಾಕಿಕೊಂಡು ಈ ಸೀಮೆಯ ಮೇ ಬಿಸಿಲಿನಲ್ಲಿ ಶೆಡ್ಡಿನೊಳಗೆ ನಿಲ್ಲುವುದೆಂದರೆ ಏನೆಂದು ನಿಂತವರಿಗೇ ಗೊತ್ತು. ಆದರೆ ಅದು ಸರಿಯಾದ ಕೆಲಸ. ಕೋಳಿಗಳು ಶೆಡ್ಡಿನೊಳಗಿದ್ದವು, ಲೆಕ್ಕ ಇತ್ತು, ಎಲ್ಲಿಂದ ಎಲ್ಲಿಯವರೆಗೆ ಎಂದು ಗೆರೆ ಎಳೆಯಬಹುದಾಗಿತ್ತು. ಹಕ್ಕಿ ಜ್ವರಕ್ಕೆ ದೇಶದಲ್ಲಿ ಇರುವ ನಿಯಮವೇ ಹಾಗೆ: ರೋಗ ಕಂಡ ಜಾಗದ ಸುತ್ತ 1 ಕಿ.ಮೀ. ಒಳಗಿನ ಕೋಳಿಗಳನ್ನೆಲ್ಲ ತೆಗೆಯುವುದು, 10 ಕಿ.ಮೀ.ವರೆಗೆ ಕಣ್ಣಿಡುವುದು. ಪರಿಹಾರವೂ ಉಂಟು. ಪರಿಹಾರ ಇದ್ದರೆ ಮಾತ್ರ ರೈತ ಸತ್ತ ಕೋಳಿಯ ಸುದ್ದಿ ತಾನಾಗಿ ಹೇಳುತ್ತಾನೆ, ಇಲ್ಲದಿದ್ದರೆ ರಾತ್ರೋರಾತ್ರಿ ಉಳಿದ ಕೋಳಿ ಮಾರಿ ಕೈ ತೊಳೆದುಕೊಳ್ಳುತ್ತಾನೆ.

ಬೀದಿ ಹಂದಿಗೆ ಇದರಲ್ಲಿ ಒಂದೂ ಹೊಂದುವುದಿಲ್ಲ. ಶೆಡ್ ಇಲ್ಲ, ಲೆಕ್ಕ ಇಲ್ಲ, ಗೆರೆ ಇಲ್ಲ, ಪರಿಹಾರ ಇಲ್ಲ.

ಖಾಲಿಯಾದ ಜಾಗಕ್ಕೆ ಯಾರು ಬರುತ್ತಾರೆ ಎನ್ನುವುದನ್ನೂ ಯೋಚಿಸಿ. ನನ್ನ ತಂದೆಯ ಕಾಲದಲ್ಲಿ ಊರ ಹೊರಗೆ ಸತ್ತ ಎತ್ತು ಎಳೆದು ಹಾಕಿದರೆ ರಣಹದ್ದುಗಳು ಎಲುಬು ಮಾತ್ರ ಬಿಡುತ್ತಿದ್ದವು. ದನಗಳ ನೋವಿಗೆ ಡೈಕ್ಲೋಫೆನಾಕ್ ಎಂಬ ಔಷಧಿ ಬಂತು, ಅದು ಮೈಯಲ್ಲಿರುವಾಗ ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಸಾಯುತ್ತಿತ್ತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಗುವ ಹೊತ್ತಿಗೆ ದೇಶದ ಮುಖ್ಯ ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಹೋಗಿದ್ದವು. ಹೆಣ ಮಾತ್ರ ಬೀಳುತ್ತಲೇ ಇತ್ತು. ನಾಯಿಗಳು ಬಂದವು. ನಾಯಿಗಳ ಜೊತೆ ಹುಚ್ಚುನಾಯಿ ರೋಗ ಬಂತು. ಮನುಷ್ಯರಿಗೆ ತಗುಲುವ ಆ ರೋಗದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ನಾಯಿಯಿಂದಲೇ ಬರುವುದು. ನಿಮ್ಮೂರಿನ ಕಸದ ಗುಂಡಿ ಹಾಗೇ ಇದ್ದು ಹಂದಿ ಮಾತ್ರ ಹೋದರೆ, ಆ ಊಟಕ್ಕೆ ಯಾರು ಕೂರುತ್ತಾರೆ ಎಂದು ನನಗಂತೂ ಅನುಮಾನವಿಲ್ಲ.

ತೊಗರಿ ಹೊಲ (ಆಳಂದ)

ಡಾಕ್ಟರ್ ಸಾಹೇಬರ ಮಾತಿಗೆ ಒಂದು ಸೇರಿಸುತ್ತೇನೆ. ವಯಸ್ಸಾದವರಿಗೆ ನೆನಪಿರಬೇಕು, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ಭೂಕಂಪ. ನಮ್ಮ ಆಳಂದದ ಕಡೆಗೂ ಗೋಡೆ ಬಿರಿದು, ಜನ ಎಷ್ಟೋ ರಾತ್ರಿ ಹೊರಗೆ ಮಲಗಿದರು. ಲಾತೂರಿನ ಕಡೆ, ಬೀಡಿನ ಕಡೆ ಜನ ಬಿರುಕು ಬಿಟ್ಟ ಮನೆಗಳನ್ನು ಬಿಟ್ಟು ಬಯಲಿಗೆ ಬಂದರು, ಆದರೆ ಮನೆಯೊಳಗಿನ ಕಾಳು ಕಡಿ ಮನೆಯೊಳಗೇ ಉಳಿಯಿತು. ಮನುಷ್ಯ ಇಲ್ಲ, ಬೆಕ್ಕು ಇಲ್ಲ, ಧಾನ್ಯ ಇದೆ. ಇಲಿಗಳಿಗೆ ಇನ್ನೇನು ಬೇಕು? ಮರುವರ್ಷ, 1994ರಲ್ಲಿ, ಬೀಡ್ ಜಿಲ್ಲೆಯ ಮಾಮ್ಲಾ ಎಂಬ ಹಳ್ಳಿಯಲ್ಲಿ ಗಂಟು ಪ್ಲೇಗು ಕಾಣಿಸಿತು. ಅದರ ಹಿಂದೆಯೇ ಸೂರತ್ತಿನ ಗದ್ದಲ, ರೈಲು ತುಂಬ ಜನ ಓಡಿದ್ದು ಎಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ.

ನಮ್ಮ ಅಜ್ಜಿಯ ಕಾಲದವರು ಪ್ಲೇಗಿಗೆ ಏನು ಮಾಡುತ್ತಿದ್ದರು ಗೊತ್ತೇ? ಇಲಿ ಬಿದ್ದಿತು ಎಂದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಇಲಿ ಕೊಲ್ಲಲು ಹೋಗುತ್ತಿರಲಿಲ್ಲ, ತಾವೇ ಜಾಗ ಬಿಡುತ್ತಿದ್ದರು.

ಸೂಕ್ಷ್ಮದರ್ಶಕ (ಕಲಬುರಗಿ)

ಅಜ್ಜಿಯವರ ಕಾಲದವರು ಮಾಡಿದ್ದು ಅಪ್ಪಟ ವಿಜ್ಞಾನ. ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಚಿಗಟ ಬೇರೆ ಬಿಸಿ ಮೈ ಹುಡುಕುತ್ತದೆ, ಹತ್ತಿರ ಸಿಗುವುದು ಮನುಷ್ಯ. ಅದಕ್ಕೇ ಪ್ಲೇಗು ಇರುವ ಜಾಗದಲ್ಲಿ ಮೊದಲು ಚಿಗಟಕ್ಕೆ ಪುಡಿ, ಆಮೇಲೆ ಇಲಿಗೆ ಪಾಷಾಣ. ಕ್ರಮ ತಿರುಗುಮುರುಗಾದರೆ ಕೊಂದವರೇ ರೋಗ ಕರೆದುಕೊಂಡ ಹಾಗೆ.

ಹಳೇಕೋಟೆ (ಬೀದರ್)

ಪ್ಲೇಗು, ರಣಹದ್ದು, ಕೋಳಿ, ಎಲ್ಲ ಬಂತು. ಪ್ರಶ್ನೆ ಹಂದಿಯದು. 1998ರಲ್ಲಿ ಮಲೇಷ್ಯಾದಲ್ಲಿ ನಿಫಾ ಬಂದಾಗ ಹತ್ತು ಲಕ್ಷದಷ್ಟು ಹಂದಿಗಳನ್ನು ಕೊಂದರು, ರೋಗ ನಿಂತಿತು. ಇದಕ್ಕೇನು ಹೇಳುತ್ತೀರಿ?

ಸೂಕ್ಷ್ಮದರ್ಶಕ (ಕಲಬುರಗಿ)

ನಿಂತಿತು, ನಿಜ. ಆ ಪಾಯಿಂಟ್ ನಿಮ್ಮದೇ. ಆದರೆ ಅದರ ಮೊದಲ ಅಧ್ಯಾಯವನ್ನು ಬಿಟ್ಟು ಹೇಳುತ್ತಿದ್ದೀರಿ. ಅಲ್ಲಿ ತಿಂಗಳುಗಟ್ಟಲೆ ಅದನ್ನು ನಾವು ಈಗ ಮಾತಾಡುತ್ತಿರುವ ಇದೇ ಜಪಾನಿ ಮಿದುಳು ಜ್ವರ ಎಂದೇ ತಿಳಿದಿದ್ದರು! ಸೊಳ್ಳೆಗೆ ಹೊಗೆ ಹಾಕಿದರು, ಲಸಿಕೆ ಹಾಕಿದರು, ಸಾವು ನಿಲ್ಲಲಿಲ್ಲ. ಕಣ್ಣಿಟ್ಟು ನೋಡಿದವರಿಗೆ ಲೆಕ್ಕ ತಾಳೆಯಾಗುತ್ತಿರಲಿಲ್ಲ: ಜಪಾನಿ ಜ್ವರ ಹೆಚ್ಚಾಗಿ ಮಕ್ಕಳನ್ನು ಹಿಡಿಯುತ್ತದೆ, ಇಲ್ಲಿ ಮಲಗಿದವರು ಹಂದಿ ಫಾರಂನಲ್ಲಿ ದುಡಿಯುವ ಗಟ್ಟಿಮುಟ್ಟಾದ ಗಂಡಸರು. ಅದರಲ್ಲಿ ಲಸಿಕೆ ಹಾಕಿಸಿಕೊಂಡವರೂ ಇದ್ದರು. 1999ರ ಮಾರ್ಚ್‌ನಲ್ಲಿ ಮಲಯಾ ವಿಶ್ವವಿದ್ಯಾಲಯದ ಚುವಾ ಕಾವ್ ಬಿಂಗ್ ಹೊಸ ವೈರಸ್ ಕಂಡುಹಿಡಿದರು. ಅಷ್ಟರಲ್ಲಿ ಬಹಳ ಜನ ಹೋಗಿದ್ದರು, ಒಟ್ಟು ಸಾವು ನೂರು ದಾಟಿತು.

ಆ ವೈರಸ್ ಹಂದಿಗೆ ಬಂದದ್ದು ಹಣ್ಣು ತಿನ್ನುವ ದೊಡ್ಡ ಬಾವಲಿಯಿಂದ. ಹಂದಿ ಕೊಟ್ಟಿಗೆಗಳ ಪಕ್ಕದಲ್ಲೇ ಮಾವಿನ ಮರ ಬೆಳೆಸಿದ್ದರು, ಎರಡೂ ಕಡೆ ಆದಾಯ ಎಂದು. ಬಾವಲಿ ಅರ್ಧ ತಿಂದು ಬೀಳಿಸಿದ ಹಣ್ಣನ್ನು ಹಂದಿ ತಿಂದಿತು. ಒಬ್ಬೊಬ್ಬರ ಜಾಗದಲ್ಲಿ ಸಾವಿರಗಟ್ಟಲೆ ಹಂದಿ, ಮೇಲೆ ಮಾವು. ಹಂದಿಯೊಂದನ್ನೇ ಬೈದರೆ ಮಾವಿನ ಮರ ನೆಟ್ಟವನು ತಪ್ಪಿಸಿಕೊಳ್ಳುತ್ತಾನೆ. ಅಲ್ಲಿ ಹಂದಿ ಕೊಂದದ್ದು ಫಲ ಕೊಟ್ಟದ್ದೂ ನಿಫಾ ಹಂದಿಯಿಂದ ನೇರವಾಗಿ ಮನುಷ್ಯನಿಗೆ ಬರುತ್ತಿದ್ದುದರಿಂದ. ನಮ್ಮ ಈ ಜ್ವರದಲ್ಲಿ ನಡುವೆ ಸೊಳ್ಳೆ ಇದೆ, ಸೊಳ್ಳೆಗೆ ಗದ್ದೆ ಇದೆ.

ಕುರಿಹಟ್ಟಿ (ಯಾದಗಿರಿ)

ದೊಡ್ಡವರು ಕ್ಷಮಿಸಬೇಕು, ವಿಷಯ ಸ್ವಲ್ಪ ಆಚೆ ಹೋಗುತ್ತದೆ. ಫಿಟ್ಸ್ ಬಂದರೆ ಮನವಿ ಬರೆಯುತ್ತಾರೆ, ಫಿಟ್ಸ್ ಬರದ ರೋಗಕ್ಕೆ ಯಾರೂ ಬರೆಯುವುದಿಲ್ಲ. ನಮ್ಮಪ್ಪನಿಗೆ ಸಂಜೆಯಾದರೆ ಜ್ವರ, ಬೆಳಿಗ್ಗೆ ಅಂಗಿ ಹಿಂಡುವಷ್ಟು ಬೆವರು, ಸೊಂಟ ಹಿಡಿದು ಏಳಲು ಬರುತ್ತಿರಲಿಲ್ಲ. ಟೈಫಾಯ್ಡ್ ಎಂದು ಸಲೈನ್ ಹಾಕಿದರು, ಮಲೇರಿಯಾ ಎಂದು ಗುಳಿಗೆ ಕೊಟ್ಟರು. ತಿಂಗಳುಗಟ್ಟಲೆ ನರಳಿದ ಮೇಲೆ ಒಬ್ಬ ವೈದ್ಯರು ನಿಮ್ಮದು ಏನು ಕಸುಬು ಎಂದು ಕೇಳಿದರು. ಕುರಿ ಎಂದ ಕೂಡಲೇ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಬ್ರುಸೆಲ್ಲಾ, ಅಂದರೆ ಕುರಿ ದನಗಳಿಂದ ಮನುಷ್ಯನಿಗೂ ತಗುಲುವ ಕಂದು ರೋಗ. ಕಂದು ಹಾಕುವ ಕುರಿಯ ಹೊಟ್ಟೆಯಿಂದ ಬರಿಗೈಯಲ್ಲಿ ಮರಿ ಎಳೆಯುವುದು ನಮ್ಮ ಮನೆಯಲ್ಲಿ ದಿನದ ಕೆಲಸ. ಕಸುಬು ಕೇಳುವ ವೈದ್ಯರು ಎಷ್ಟು ಜನ ಇದ್ದಾರೆ?

ಕೊಟ್ಟಿಗೆ ಡಾಕ್ಟರ್ (ಹುಮನಾಬಾದ್)

ಆಚೆ ಹೋಗಿಲ್ಲ ತಮ್ಮಾ, ಇದೇ ಒಳಗಿನ ವಿಷಯ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜೊತೆ ಕಂದು ರೋಗವನ್ನೂ ಸೇರಿಸಿದ್ದಾರೆ, ಆದರೆ ಆ ಲಸಿಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರು, ಎಮ್ಮೆಗರುಗಳಿಗೆ. ಕುರಿಗಾರರ ಕೈಗೆ ಸದ್ಯಕ್ಕೆ ಇರುವುದು ಕೈಗವಸು ಮತ್ತು ಸೋಪು. ಸತ್ತೆಯನ್ನು, ಅಂದರೆ ಮರಿಯ ಹಿಂದೆ ಬೀಳುವ ಮಾಸನ್ನು, ನಾಯಿಗೆ ಎಸೆಯಬೇಡಿ, ಆಳವಾಗಿ ಹೂಳಿ. ಹಾಲು ಕುದಿಸದೆ ಕುಡಿಯಬೇಡಿ, ಹಸಿ ಹಾಲು ಶಕ್ತಿ ಎನ್ನುವವರ ಮಾತು ಕೇಳಲೇಬೇಡಿ. ನಿಮ್ಮ ತಂದೆಯವರು ಔಷಧಿಯ ಕೋರ್ಸನ್ನು ಪೂರ್ತಿ ಮುಗಿಸಿದರು ತಾನೆ? ಮಧ್ಯೆ ಬಿಟ್ಟರೆ ಅದು ಮತ್ತೆ ತಲೆ ಎತ್ತುತ್ತದೆ.

ಕುರಿಹಟ್ಟಿ (ಯಾದಗಿರಿ)

ಮುಗಿಸಿದರು ಸರ್. ಈಗ ಕುರಿ ಹಿಂದೆ ಹೋಗುತ್ತಿದ್ದಾರೆ.

ಕಾಲುವೆ ಬದಿಯವನು (ಶಹಾಪುರ ತಾಲ್ಲೂಕು)

ಎಲ್ಲರ ಮಾತೂ ಓದಿದೆ. ಸುತ್ತಿ ಬಳಸಿ ಬೊಟ್ಟು ನನ್ನ ಗದ್ದೆಯ ಕಡೆಗೇ ತಿರುಗಿತಲ್ಲ! ನಾರಾಯಣಪುರದ ಎಡದಂಡೆ ಕಾಲುವೆ ಬರುವ ಮೊದಲು ನಮ್ಮಲ್ಲಿ ಜೋಳ, ತೊಗರಿ, ಸಜ್ಜೆ. ನೀರು ಬಂತು, ಭತ್ತ ಬಂತು. ಬೆಳ್ಳಕ್ಕಿಗಳೂ ಆಮೇಲೆಯೇ ಹೆಚ್ಚಾದದ್ದು, ಈಗ ನಾಟಿ ಹಚ್ಚುವಾಗ ಹೆಂಗಸರ ಹಿಂದೆಯೇ ಸಾಲುಸಾಲಾಗಿ ನಡೆಯುತ್ತವೆ. ನಾವು ಅದನ್ನು ಚೆಂದ ಎಂದುಕೊಂಡಿದ್ದೆವು.

ಹಳೇಕೋಟೆ (ಬೀದರ್)

ಆ ಯೋಜನೆ ಮಾಡಿದ್ದೇ ಕಡಿಮೆ ನೀರಿನ ಬೆಳೆಗೆ. ಭತ್ತ ಹಾಕಿದ್ದು ಬೆಳೆ ಉಲ್ಲಂಘನೆ. ಮೇಲಿನವರು ಭತ್ತಕ್ಕೆ ನೀರು ನಿಲ್ಲಿಸಿಕೊಂಡರು, ಕೊನೆಯ ಭಾಗದವರಿಗೆ ಹನಿ ಇಲ್ಲ, ನೆಲವೆಲ್ಲ ಸವಳು ಜವಳು. ಅದನ್ನು ಯಾರು ಹೇಳುತ್ತಾರೆ?

ಕಾಲುವೆ ಬದಿಯವನು (ಶಹಾಪುರ ತಾಲ್ಲೂಕು)

ನೀವೇ ಹೇಳಿದಿರಲ್ಲ. ಆದರೆ ಈ ಕಪ್ಪು ನೆಲಕ್ಕೆ ನೀರು ಒಮ್ಮೆ ನಿಂತರೆ ತೊಗರಿ ಬೇರು ಕೊಳೆತು ಒಣಗುತ್ತದೆ. ಪಕ್ಕದವನು ಭತ್ತ ಹಾಕಿದರೆ ಬಸಿ ನೀರಿಗೆ ನಾನೂ ಭತ್ತವನ್ನೇ ಹಾಕಬೇಕು, ಬೇರೆ ದಾರಿ ಇಲ್ಲ. ಬೀದರಿನ ಕೆಂಪು ನೆಲದಲ್ಲಿ ಕೂತು ಉಲ್ಲಂಘನೆ ಎನ್ನುವುದು ಸುಲಭ.

ಸೂಕ್ಷ್ಮದರ್ಶಕ (ಕಲಬುರಗಿ)

ಜಗಳ ಆಮೇಲೆ ಆಡಿ. ಕಾಲುವೆ ಅಣ್ಣಾ, ಒಂದು ಕೆಲಸ ಮಾಡುತ್ತೀರಾ? ನಾಳೆ ಬೆಳಿಗ್ಗೆ ಗದ್ದೆಯ ಬದುವಿನ ಅಂಚಿನಿಂದ ಬಿಳಿ ಬಟ್ಟಲಿನಲ್ಲಿ ನೀರು ಎತ್ತಿ ಅಲ್ಲಾಡಿಸದೆ ಹಿಡಿದು ನೋಡಿ. ಮರಿಹುಳ ನೀರಿನ ಮಟ್ಟಕ್ಕೆ ಸಮನಾಗಿ ಚಪ್ಪಟೆ ಮಲಗಿದ್ದರೆ ಅದು ಮಲೇರಿಯಾ ಜಾತಿಯದು, ಅನಾಫಿಲಿಸ್. ಬಾಲದ ತುದಿಯ ಕೊಳವೆಯನ್ನು ಮೇಲಕ್ಕೆ ಹಚ್ಚಿ ತಲೆಕೆಳಗಾಗಿ ಓರೆಯಾಗಿ ನೇತಾಡುತ್ತಿದ್ದರೆ ಹೆಚ್ಚಾಗಿ ಕ್ಯೂಲೆಕ್ಸ್.

ಕಾಲುವೆ ಬದಿಯವನು (ಶಹಾಪುರ ತಾಲ್ಲೂಕು)

ನೋಡಿಕೊಂಡು ಬಂದೆ ಮೇಡಂ. ಮಗಳೂ ಬಂದಿದ್ದಳು. ಕಾಲುವೆಯಲ್ಲಿ ಹರಿಯುವ ನೀರಿನಲ್ಲಿ ಒಂದೂ ಇಲ್ಲ. ಗದ್ದೆಯ ನಡುವೆ ಕಪ್ಪೆಮರಿ, ಸಣ್ಣ ಮೀನು ಓಡಾಡುವ ಕಡೆ ಹುಡುಕಿದರೆ ಒಂದೆರಡು. ಆದರೆ ಬದುವಿನ ಪಕ್ಕ, ನಾಟಿಯವರ ಕಾಲು ಹೂತು ಬಿದ್ದ ಗುಂಡಿಗಳಲ್ಲಿ ಎತ್ತಿದ ಬಟ್ಟಲು ತುಂಬ ತಲೆಕೆಳಗಾಗಿ ನೇತಾಡುತ್ತಿದ್ದವು. ನೆರಳು ಬಿದ್ದ ಕೂಡಲೇ ಎಲ್ಲ ಒಟ್ಟಿಗೆ ತಳಕ್ಕೆ ಇಳಿದವು, ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮೇಲೆ ಬಂದವು. ಯೂರಿಯಾ ಹಾಕಿ ವಾರವಾದ ಮಡಿಯಲ್ಲಿ ಹೆಚ್ಚು, ಹಾಕದ ಮಡಿಯಲ್ಲಿ ಕಡಿಮೆ ಅನ್ನಿಸಿತು. ಅದು ನಿಜವೋ ನನ್ನ ಕಣ್ಣಿನ ಭ್ರಮೆಯೋ?

ಸೂಕ್ಷ್ಮದರ್ಶಕ (ಕಲಬುರಗಿ)

ಭ್ರಮೆಯಲ್ಲ. ಸಾರಜನಕ ಗೊಬ್ಬರ ಬಿದ್ದ ಗದ್ದೆಯಲ್ಲಿ ಈ ಜಾತಿಯ ಮರಿಹುಳ ಹೆಚ್ಚುತ್ತದೆ ಎಂದು ಅಧ್ಯಯನಗಳೂ ಹೇಳುತ್ತವೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಬಿಸಿಲಿಗೆ ಹತ್ತು ದಿನ ಸಾಕು. ಅಷ್ಟರೊಳಗೆ ಒಮ್ಮೆ ಗದ್ದೆ ಪೂರ್ತಿ ಆರಿ ನೆಲ ಸಣ್ಣಗೆ ಬಿರಿದರೆ ಆ ತಲೆಮಾರು ಅಲ್ಲಿಗೆ ಮುಗಿಯಿತು. ತೋಯಿಸಿ ಆರಿಸುವ ಈ ಪದ್ಧತಿಯಲ್ಲಿ ನೀರೂ ಉಳಿಯುತ್ತದೆ, ತೆನೆ ಬರುವ ಹೊತ್ತು ಬಿಟ್ಟು ಉಳಿದಂತೆ ಮಾಡಿದರೆ ಇಳುವರಿಗೆ ಅಂಥ ಪೆಟ್ಟಿಲ್ಲ. ಕಾಲುವೆಗೆ ಹೇಗೂ ಚಾಲು-ಬಂದ್ ಪದ್ಧತಿ ಇದೆಯಲ್ಲ?

ಕಾಲುವೆ ಬದಿಯವನು (ಶಹಾಪುರ ತಾಲ್ಲೂಕು)

ಇದೆ. ಅದೇ ತೊಂದರೆ. ಬಂದ್ ಆಗುವ ಹಿಂದಿನ ದಿನ ಎಲ್ಲರೂ ಬದು ಎತ್ತರಿಸಿ ನೀರು ತುಂಬಿಸಿಕೊಳ್ಳುತ್ತೇವೆ. ಮುಂದಿನ ಚಾಲು ಹೇಳಿದ ದಿನಕ್ಕೆ ಬರುತ್ತದೆ ಎಂದು ನಂಬಿದರೆ ತಾನೇ ಗದ್ದೆ ಆರಿಸುವುದು? ನಂಬಿಕೆ ಬರುವಂತೆ ನೀರು ಬಿಟ್ಟರೆ ನಾನೇ ಮೊದಲು ಆರಿಸುತ್ತೇನೆ. ಇನ್ನೊಂದು: ಹಟ್ಟಿಯಲ್ಲಿ ಎರಡು ಎಮ್ಮೆ ಇವೆ. ಅವುಗಳಿಂದಲೂ ಅಪಾಯವೇ?

ಕೊಟ್ಟಿಗೆ ಡಾಕ್ಟರ್ (ಹುಮನಾಬಾದ್)

ಎಮ್ಮೆ, ದನಗಳ ಮೈಯಲ್ಲಿ ಈ ವೈರಸ್ ಬೆಳೆಯುವುದಿಲ್ಲ. ಈ ಸೊಳ್ಳೆಗೆ ಅತಿ ಇಷ್ಟದ ರಕ್ತ ಅವುಗಳದೇ ಆದ್ದರಿಂದ ಒಂದಷ್ಟು ಕಡಿತ ಅವು ಹೊತ್ತುಕೊಳ್ಳುತ್ತವೆ, ಅದೇ ರಕ್ತ ಕುಡಿದು ಸೊಳ್ಳೆಯ ಸಂತಾನವೂ ಹೆಚ್ಚುತ್ತದೆ. ಲಾಭವೋ ನಷ್ಟವೋ ಹೇಳುವುದು ಕಷ್ಟ. ಎಮ್ಮೆ ಮಾರಬೇಡಿ, ಎಮ್ಮೆಯ ಪಕ್ಕದಲ್ಲಿ ಹೊರಸು ಹಾಕಿ ಮಕ್ಕಳನ್ನು ಮಲಗಿಸಬೇಡಿ. ಇವು ಕಚ್ಚುವುದು ಸಂಜೆಯಿಂದ ರಾತ್ರಿಯಿಡೀ, ಹೆಚ್ಚಾಗಿ ಮನೆಯ ಹೊರಗೆ. ಹಂದಿ ಕೊಟ್ಟಿಗೆ ಊರ ಹೊರಗಿರಲಿ ಎನ್ನುವ ಮಾತಿಗೂ ಒಂದು ಮಿತಿ ಇದೆ: ಈ ಸೊಳ್ಳೆ ಕಿಲೋಮೀಟರುಗಟ್ಟಲೆ ಹಾರಬಲ್ಲದು. ಆದರೂ ಮನೆಯ ಹಿತ್ತಿಲಿಗಿಂತ ದೂರ ಇದ್ದಷ್ಟೂ ಒಳ್ಳೆಯದು, ಕೊಟ್ಟಿಗೆಗೆ ಸೊಳ್ಳೆ ಪರದೆ ಇದ್ದರೆ ಇನ್ನೂ ಒಳ್ಳೆಯದು.

ಬಾವಿಕಟ್ಟೆ ಅಕ್ಕ (ಸುರಪುರ ತಾಲ್ಲೂಕು)

ನಾನು ಆಶಾ ಕಾರ್ಯಕರ್ತೆ. ಇಷ್ಟು ಹೊತ್ತು ಓದುತ್ತಾ ಇದ್ದೆ, ಗದ್ದೆ, ಹಂದಿ, ಹಕ್ಕಿ ಎಲ್ಲ ಬಂತು, ಲಸಿಕೆಯ ಮಾತು ಮಲೇಷ್ಯಾದ್ದು ಬಿಟ್ಟರೆ ಬರಲೇ ಇಲ್ಲ. ಈ ಜ್ವರಕ್ಕೆ ಲಸಿಕೆ ಇದೆ ಅಣ್ಣನವರೇ! 2022ರ ಡಿಸೆಂಬರ್‌ನಲ್ಲಿ ರಾಜ್ಯದ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಅಭಿಯಾನ ಮಾಡಿ ಹಾಕಿದೆವು, ಅದರಲ್ಲಿ ಯಾದಗಿರಿಯೂ ಇತ್ತು, ಕಲಬುರಗಿಯೂ ಇತ್ತು. ಈಗ ಮಾಮೂಲಿ ಲಸಿಕೆಯಲ್ಲೇ ಸೇರಿದೆ, 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳ ಒಳಗೆ ಇನ್ನೊಂದು, ದಡಾರದ ಚುಚ್ಚುಮದ್ದಿನ ಜೊತೆಯಲ್ಲೇ. ಹಂದಿ ಎಲ್ಲಿಗೆ ಹೋದರೂ ಬೆಳ್ಳಕ್ಕಿ ಬರುತ್ತದೆ, ಬೆಳ್ಳಕ್ಕಿ ಬಂದರೂ ಲಸಿಕೆ ಬಿದ್ದ ಮಗುವಿಗೆ ರಕ್ಷಣೆ ಇರುತ್ತದೆ.

ತಪ್ಪಿಹೋಗುವವರು ಯಾರೆಂದರೆ ಗುಳೆ ಹೋಗುವವರ ಮಕ್ಕಳು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ, ಮುಂಬೈ, ಪುಣೆ. ಮೊದಲನೆಯದು ಇಲ್ಲಿ ಹಾಕಿರುತ್ತೇವೆ, ಎರಡನೆಯದರ ಹೊತ್ತಿಗೆ ಮನೆಗೆ ಬೀಗ. ನಾವು ಬೀಗಕ್ಕೆ ಲಸಿಕೆ ಹಾಕಲು ಬರುವುದಿಲ್ಲ.

ಹಳೇಕೋಟೆ (ಬೀದರ್)

ಲಸಿಕೆ ಹಾಕಿಸಿ, ನಾನೂ ಒಪ್ಪುತ್ತೇನೆ. ಆದರೆ ಲಸಿಕೆ ಇದೆ ಎಂದು ಚರಂಡಿಯ ಹಂದಿಯನ್ನು ಒಪ್ಪಲಾರೆ. ಸಹಿ ಹಾಕಿ ಎಂದೇ ಈಗಲೂ ಹೇಳುತ್ತೇನೆ.

ಗಲ್ಲಿಯ ಹುಡುಗ (ಕಲಬುರಗಿ)

ಚರಂಡಿಯ ಹಂದಿಯನ್ನು ನಾನೂ ಒಪ್ಪುವುದಿಲ್ಲ ಕಾಕಾ. ಮನವಿಯಲ್ಲಿ ಜಾಗ ಕೊಡಿ, ಕೊಟ್ಟಿಗೆ ಕಟ್ಟಲು ನೆರವು ಕೊಡಿ ಎಂದು ಬರೆದರೆ ನಮ್ಮಪ್ಪನ ಹೆಬ್ಬೆಟ್ಟನ್ನೂ ಒತ್ತಿಸುತ್ತೇನೆ.

ಕಾಲುವೆ ಬದಿಯವನು (ಶಹಾಪುರ ತಾಲ್ಲೂಕು)

ಮನವಿ ತಂದವರ ಜೊತೆ ಮಾತಾಡಿದೆ. ಹಂದಿ ಸಾಗಿಸುವ ಸಾಲು ತೆಗೆಯಲು ಅವರು ತಯಾರಿಲ್ಲ, ಅಷ್ಟು ಸಹಿ ಬಿದ್ದ ಮೇಲೆ ಹೇಗೆ ತಿದ್ದುವುದು ಎನ್ನುತ್ತಾರೆ. ಸರಿ, ಬೇರೆ ಹಾಳೆಯಲ್ಲಿ ಇನ್ನೊಂದು ಬರೆಯುತ್ತಿದ್ದೇನೆ: ಕಸದ ಗುಂಡಿ ಎತ್ತಿಸುವುದು, ಹಂದಿ ಕೊಟ್ಟಿಗೆಗೆ ಊರಾಚೆ ಜಾಗ, ಚಾಲು-ಬಂದ್ ತಾರೀಖನ್ನು ಮೊದಲೇ ಹಚ್ಚಿ ಅದರಂತೆ ನಡೆಯುವುದು. ಇದಕ್ಕೆ ಈವರೆಗೆ ನನ್ನ ಮತ್ತು ನನ್ನ ಹೆಂಡತಿಯ ಸಹಿ ಬಿದ್ದಿದೆ. ಅಕ್ಕಾ, ನಮ್ಮ ಕೇರಿಯಲ್ಲಿ ಲಸಿಕೆ ತಪ್ಪಿದ ಮಕ್ಕಳ ಪಟ್ಟಿ ಮಾಡಲು ಏನು ಬೇಕು?

ಬಾವಿಕಟ್ಟೆ ಅಕ್ಕ (ಸುರಪುರ ತಾಲ್ಲೂಕು)

ತಾಯಿ ಕಾರ್ಡ್ ಸಾಕು ಅಣ್ಣಾ. ಅದರಲ್ಲಿ ಮಿದುಳು ಜ್ವರದ ಮನೆಗಳೆರಡೂ ತುಂಬಿವೆಯೇ ನೋಡಿ, ಖಾಲಿ ಇದ್ದ ಮಗುವಿನ ಹೆಸರು ಬರೆದುಕೊಳ್ಳಿ. ಕಾರ್ಡ್ ಕಳೆದಿದ್ದರೆ ತಾಯಿಯ ಮೊಬೈಲ್ ನಂಬರ್ ಕೇಳಿ. ಪಟ್ಟಿಯನ್ನು ನಿಮ್ಮೂರಿನ ಆಶಾಗೆ ಬುಧವಾರದೊಳಗೆ ಮುಟ್ಟಿಸಿ, ಗುರುವಾರ ಲಸಿಕೆಯ ದಿನ. ಗುಳೆ ಹೋದವರು ಹಬ್ಬಕ್ಕೆ ಊರಿಗೆ ಬರುವುದು ಯಾವಾಗ ಎಂದೂ ಕೇಳಿ ಬರೆದಿಡಿ, ಆ ವಾರಕ್ಕೆ ಹೆಚ್ಚು ಡೋಸ್ ತರಿಸಲು ಅವರು ಮೊದಲೇ ಹೇಳಬೇಕಾಗುತ್ತದೆ.